ಒಂದೇ ತಂತಿಯ ಮಾತುಕತೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಡಿಎಸ್18ಬಿ20’ ಎಂದು ಕೇಳಿದರೆ ಮೂರು ಕಾಲಿನ ಪುಟ್ಟ ಕಪ್ಪು ಚಿಪ್ ಒಂದನ್ನು ಕೈಗಿಡುತ್ತಾರೆ. ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ದುಂಡು. ನೋಡಲು ಥೇಟ್ ಟ್ರಾನ್ಸಿಸ್ಟರ್. ಅದನ್ನೇ ಸ್ಟೀಲ್ ಕೊಳವೆಯೊಳಗೆ ಕೂರಿಸಿ, ನೀರು ಹೋಗದಂತೆ ಮುಚ್ಚಿ, ಕೇಬಲ್ ಜೋಡಿಸಿದ ಪ್ರೋಬ್ ಕೂಡ ಸಿಗುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿನಿಂದ ಹಿಡಿದು ಮೀನಿನ ತೊಟ್ಟಿ, ಸೋಲಾರ್ ವಾಟರ್ ಹೀಟರ್, ಶೀತಲ ಗೃಹದವರೆಗೆ ಎಲ್ಲೆಲ್ಲೂ ಇದರ ಕೆಲಸ ಒಂದೇ: ಸುತ್ತಲಿನ ಬಿಸಿಯನ್ನು ಅಳೆದು, ಕೇಳಿದವರಿಗೆ ಅಂಕಿಯಾಗಿ ಹೇಳುವುದು.

ಕೇಳುವುದು ಮೈಕ್ರೋಕಂಟ್ರೋಲರ್. ಹೇಳುವುದು ಈ ಚಿಪ್. ಇವೆರಡರ ನಡುವೆ ಮಾತಿಗೆಂದು ಇರುವುದು ಒಂದೇ ಒಂದು ತಂತಿ. ಅದರಲ್ಲೇ ಪ್ರಶ್ನೆ ಹೋಗಬೇಕು, ಅದರಲ್ಲೇ ಉತ್ತರ ಬರಬೇಕು, ಬೇಕೆಂದರೆ ಚಿಪ್‌ಗೆ ಬೇಕಾದ ವಿದ್ಯುತ್ತೂ ಅದರಲ್ಲೇ ಹರಿಯಬೇಕು. ಈ ಏರ್ಪಾಡನ್ನು ರೂಪಿಸಿದ್ದು ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿ. 2001ರಲ್ಲಿ ಅದನ್ನು ಮ್ಯಾಕ್ಸಿಮ್ ಕೊಂಡಿತು. 2021ರಲ್ಲಿ ಮ್ಯಾಕ್ಸಿಮ್ ಅನ್ನೇ ಅನಲಾಗ್ ಡಿವೈಸಸ್ ಕೊಂಡಿತು. ಮಾಲೀಕರು ಬದಲಾದರೂ ‘1-ವೈರ್’ ಎಂಬ ಈ ಪದ್ಧತಿ ಹಾಗೆಯೇ ಉಳಿದುಕೊಂಡಿದೆ. ಇಸ್ತಾಂಬುಲ್ ನಗರದ ಬಸ್ಸು, ದೋಣಿಗಳಲ್ಲಿ ಬಹುಕಾಲ ಟಿಕೆಟ್ಟಿನ ಬದಲಿಗೆ ಬಳಕೆಯಲ್ಲಿದ್ದ ‘ಅಕ್ಬಿಲ್’ ಎಂಬ ಸ್ಟೀಲ್ ಬಿಲ್ಲೆಯೂ ಇದೇ ಭಾಷೆ ಆಡುತ್ತಿತ್ತು.

ತಾಪಮಾನವನ್ನು ಅಂಕಿಯಾಗಿಯೇ ಕಳಿಸಬೇಕೆಂಬ ಹಟ ಏಕೆ ಎಂಬುದನ್ನು ತಿಳಿಯಲು ಹಳೆಯ ದಾರಿಯನ್ನು ಒಮ್ಮೆ ನೋಡಬೇಕು. ಎಲ್ಎಂ35 ಎಂಬ ಸೆನ್ಸರ್ ಇಂದಿಗೂ ಕಾಲೇಜು ಲ್ಯಾಬುಗಳಲ್ಲಿ ಇದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅದು 10 ಮಿಲಿವೋಲ್ಟ್ ಕೊಡುತ್ತದೆ. 25 ಡಿಗ್ರಿ ಇದ್ದರೆ 250 ಮಿಲಿವೋಲ್ಟ್. ಲೆಕ್ಕ ಸರಳ. ಆದರೆ ಆ ವೋಲ್ಟೇಜನ್ನು ಅಂಕಿಯಾಗಿಸುವ ಹೊಣೆ ಮೈಕ್ರೋಕಂಟ್ರೋಲರ್ ಮೇಲೆ ಬೀಳುತ್ತದೆ. ಆರ್ಡುಯಿನೋ ಊನೋ ಬೋರ್ಡಿನ ಮೈಕ್ರೋಕಂಟ್ರೋಲರ್ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುತ್ತದೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಎಂದರೆ ಅರ್ಧ ಡಿಗ್ರಿಗಿಂತ ಸಣ್ಣ ಬದಲಾವಣೆ ಅದರ ಕಣ್ಣಿಗೇ ಬೀಳದು. ಮೇಲಾಗಿ ಹತ್ತು ಮೀಟರ್ ತಂತಿ ಎಳೆದು, ಪಕ್ಕದಲ್ಲೊಂದು ಪಂಪ್‌ಸೆಟ್ ಮೋಟಾರ್ ಚಾಲೂ ಆಯಿತೆನ್ನಿ. ತಂತಿಯಲ್ಲಿ ಕೆಲವು ಮಿಲಿವೋಲ್ಟ್ ಗದ್ದಲ ಸೇರಿಕೊಳ್ಳುವುದು ದೊಡ್ಡ ಮಾತಲ್ಲ. ಆ ಗದ್ದಲವೂ ಬಿಸಿಯ ಲೆಕ್ಕಕ್ಕೇ ಜಮೆಯಾಗುತ್ತದೆ. ಬಂದ ವೋಲ್ಟೇಜಿನಲ್ಲಿ ಬಿಸಿಯ ಪಾಲೆಷ್ಟು, ಮೋಟಾರಿನ ಪಾಲೆಷ್ಟು ಎಂದು ಬೇರ್ಪಡಿಸಲು ದಾರಿಯಿಲ್ಲ.

ಡಿಜಿಟಲ್ ಸೆನ್ಸರ್ ಈ ಅಳತೆಯನ್ನು ಬಿಸಿ ಇರುವ ಜಾಗದಲ್ಲೇ, ತನ್ನ ಹೊಟ್ಟೆಯೊಳಗೇ ಮಾಡಿ ಮುಗಿಸುತ್ತದೆ. ಸಿಲಿಕಾನ್ ಜಂಕ್ಷನ್ ಒಂದರಲ್ಲಿ ವಿದ್ಯುತ್ ಹರಿಯುವಾಗ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಪ್ರತಿ ಡಿಗ್ರಿಗೆ ಸರಿಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇದೊಂದನ್ನೇ ನಂಬುವಂತಿಲ್ಲ, ಚಿಪ್‌ನಿಂದ ಚಿಪ್‌ಗೆ ವ್ಯತ್ಯಾಸ ಹೆಚ್ಚು. ಆದ್ದರಿಂದ ಇಂದಿನ ಬಹುತೇಕ ಸೆನ್ಸರ್ ಚಿಪ್‌ಗಳಲ್ಲಿ ಎರಡು ಜಂಕ್ಷನ್‌ಗಳ ಮೂಲಕ ಬೇರೆಬೇರೆ ಸಾಂದ್ರತೆಯ ವಿದ್ಯುತ್ತನ್ನು ಹರಿಸಿ, ಎರಡರ ವೋಲ್ಟೇಜಿನ ವ್ಯತ್ಯಾಸವನ್ನು ಹಿಡಿಯುತ್ತಾರೆ. ಒಂದಕ್ಕೆ ಎಂಟರ ಅನುಪಾತವಿದ್ದರೆ ಈ ವ್ಯತ್ಯಾಸ ಕೋಣೆಯ ಬಿಸಿಯಲ್ಲಿ ಸುಮಾರು 54 ಮಿಲಿವೋಲ್ಟ್. ಒಂದು ಡಿಗ್ರಿ ಏರಿದರೆ 0.18 ಮಿಲಿವೋಲ್ಟ್ ಹೆಚ್ಚುತ್ತದೆ. ನಿರಪೇಕ್ಷ ತಾಪಮಾನಕ್ಕೆ ನೇರ ಅನುಪಾತದಲ್ಲಿರುವ ವ್ಯತ್ಯಾಸವಿದು. ಅಷ್ಟು ಸಣ್ಣ ಸಂಗತಿಯನ್ನು ಚಿಪ್‌ನೊಳಗಿನ ಪುಟ್ಟ ಅಂತರದಲ್ಲೇ ಅಳೆದುಬಿಟ್ಟರೆ ಹೊರಗಿನ ಗದ್ದಲಕ್ಕೆ ನುಸುಳಲು ಎಡೆಯೇ ಸಿಗುವುದಿಲ್ಲ. ಡಿಎಸ್18ಬಿ20ರ ಹಿರಿಯಣ್ಣನಾದ ಡಿಎಸ್1820 ಬೇರೆಯೇ ದಾರಿ ಹಿಡಿದಿತ್ತು. ಅದರೊಳಗೆ ಎರಡು ಆಸಿಲೇಟರ್‌ಗಳು. ಬಿಸಿಗೆ ಒಂದರ ವೇಗ ಅಷ್ಟಾಗಿ ಬದಲಾಗದು, ಇನ್ನೊಂದರದು ಚೆನ್ನಾಗಿ ಬದಲಾಗುತ್ತದೆ. ಎರಡನೆಯದು ನಿಗದಿಪಡಿಸಿದ ಅವಧಿಯಲ್ಲಿ ಮೊದಲನೆಯದು ಎಷ್ಟು ಸಲ ಮಿಡಿಯಿತೆಂದು ಎಣಿಸಿದರೆ ತಾಪಮಾನ ತಿಳಿಯುತ್ತಿತ್ತು. ಎಣಿಕೆಯಿಂದಲೇ ಬಿಸಿ ಅಳೆಯುವ ಆ ಉಪಾಯದ ಚೆಲುವಿಗೆ ಮನಸೋಲದಿರುವುದು ಕಷ್ಟ.

ಈಗ ತಂತಿಗೆ ಬರೋಣ.

ಈ ತಂತಿಯನ್ನು 4.7 ಕಿಲೋಓಮ್‌ನ ರೆಸಿಸ್ಟರ್ ಒಂದು ಮೇಲಿನ ವೋಲ್ಟೇಜಿಗೆ ಕಟ್ಟಿ ಹಿಡಿದಿರುತ್ತದೆ. ಯಾರೂ ಮುಟ್ಟದಿದ್ದಾಗ ತಂತಿ ‘ಮೇಲೆ’ ಇರುತ್ತದೆ. ಮೈಕ್ರೋಕಂಟ್ರೋಲರ್ ಆಗಲಿ ಸೆನ್ಸರ್ ಆಗಲಿ ಮಾಡಬಲ್ಲದ್ದು ಒಂದೇ: ತಂತಿಯನ್ನು ಗ್ರೌಂಡಿಗೆ, ಎಂದರೆ ‘ಕೆಳಕ್ಕೆ’, ಎಳೆಯುವುದು ಮತ್ತು ಬಿಡುವುದು. ಹಳೆಯ ಸರ್ಕಾರಿ ಬಸ್ಸುಗಳಲ್ಲಿ ಹಿಂದಿನಿಂದ ಮುಂದಿನವರೆಗೆ ಕಟ್ಟಿರುತ್ತಿದ್ದ ಗಂಟೆಯ ಹಗ್ಗ ಹೀಗೆಯೇ ಇತ್ತು. ಯಾರು ಬೇಕಾದರೂ ಎಳೆಯಬಹುದಿತ್ತು, ತಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಬಿಟ್ಟರೆ ತನ್ನ ಜಾಗಕ್ಕೆ ತಾನೇ ಮರಳುತ್ತಿತ್ತು. ಒಮ್ಮೆ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಹೊರಡು. ಕಂಡಕ್ಟರ್ ಎಳೆತದ ಎಣಿಕೆಯಲ್ಲಿ ಅರ್ಥ ತುಂಬುತ್ತಿದ್ದ. 1-ವೈರ್‌ನಲ್ಲಿ ಅರ್ಥ ಇರುವುದು ಎಳೆದು ಹಿಡಿದ ಹೊತ್ತಿನಲ್ಲಿ. ಇಬ್ಬರು ಒಟ್ಟಿಗೆ ಎಳೆದರೂ ಯಾವ ಚಿಪ್ಪೂ ಸುಡುವುದಿಲ್ಲ. ತಂತಿ ಕೆಳಗಿದೆ ಅಂದರೆ ಯಾರಾದರೂ ಒಬ್ಬರು ಎಳೆದಿದ್ದಾರೆ ಎಂದಷ್ಟೇ ಅರ್ಥ. ಮುಂದೆ ಈ ಗುಣವೇ ದೊಡ್ಡ ಉಪಯೋಗಕ್ಕೆ ಬರುತ್ತದೆ.

ಮಾತು ಶುರುವಾಗುವುದು ಹೀಗೆ. ಮೈಕ್ರೋಕಂಟ್ರೋಲರ್ ತಂತಿಯನ್ನು ಕನಿಷ್ಠ 480 ಮೈಕ್ರೋಸೆಕೆಂಡ್ ಕೆಳಗೆ ಹಿಡಿದು ಬಿಡುತ್ತದೆ. ಇಷ್ಟು ಉದ್ದದ ಎಳೆತ ಮಾತಿನ ಮಧ್ಯೆ ಬೇರೆಲ್ಲೂ ಬಾರದಿರುವುದರಿಂದ ತಂತಿಯ ಮೇಲಿರುವ ಪ್ರತಿಯೊಂದು ಚಿಪ್ಪಿಗೂ ಅದು ‘ಹಳೆಯದೆಲ್ಲ ಮರೆತು ಕಿವಿಗೊಡಿ’ ಎಂಬ ಕರೆ. ಚಿಪ್ 15ರಿಂದ 60 ಮೈಕ್ರೋಸೆಕೆಂಡ್ ಸುಮ್ಮನಿದ್ದು, ಆಮೇಲೆ ತಾನೂ ಒಮ್ಮೆ ತಂತಿಯನ್ನು ಎಳೆಯುತ್ತದೆ. 60ರಿಂದ 240 ಮೈಕ್ರೋಸೆಕೆಂಡ್‌ವರೆಗೆ. ‘ಇದ್ದೇನೆ’ ಎಂಬ ಹಾಜರಿ ಅದು. ಈ ಹಾಜರಿ ಬಾರದಿದ್ದರೆ ಬೆಸುಗೆ ಬಿಟ್ಟಿದೆ, ಇಲ್ಲವೇ ತಂತಿ ತುಂಡಾಗಿದೆ, ಇಲ್ಲವೇ ರೆಸಿಸ್ಟರ್ ಹಾಕುವುದೇ ಮರೆತುಹೋಗಿದೆ.

ಹಾಜರಿಯಾದ ಮೇಲೆ ಬಿಟ್‌ಗಳ, ಎಂದರೆ ಸೊನ್ನೆ ಮತ್ತು ಒಂದುಗಳ, ಸರದಿ. ಒಂದೊಂದು ಬಿಟ್‌ಗೂ ಸುಮಾರು 60 ಮೈಕ್ರೋಸೆಕೆಂಡಿನ ಒಂದು ಕಾಲಾವಕಾಶ. ಮೈಕ್ರೋಕಂಟ್ರೋಲರ್ ತಂತಿಯನ್ನು ಎಳೆದು 15 ಮೈಕ್ರೋಸೆಕೆಂಡಿನೊಳಗೆ ಬಿಟ್ಟರೆ ಅದು ಒಂದು. ಪೂರ್ತಿ ಅವಧಿ ಹಿಡಿದೇ ಇದ್ದರೆ ಸೊನ್ನೆ. ಓದುವಾಗಲೂ ಮೊದಲು ಎಳೆಯುವುದು ಮೈಕ್ರೋಕಂಟ್ರೋಲರೇ. ಒಂದೆರಡು ಮೈಕ್ರೋಸೆಕೆಂಡ್ ಎಳೆದು ಬಿಟ್ಟು ತಂತಿಯನ್ನು ನೋಡುತ್ತದೆ. ಚಿಪ್‌ಗೆ ಸೊನ್ನೆ ಹೇಳಬೇಕಿದ್ದರೆ ಅದು ತಂತಿಯನ್ನು ಕೆಳಗೇ ಹಿಡಿದಿರುತ್ತದೆ. ಒಂದು ಹೇಳಬೇಕಿದ್ದರೆ ಸುಮ್ಮನಿರುತ್ತದೆ, ತಂತಿ ತಾನೇ ಮೇಲೇರುತ್ತದೆ. ಎಳೆದ ಕ್ಷಣದಿಂದ 15 ಮೈಕ್ರೋಸೆಕೆಂಡಿನೊಳಗೆ ಇದನ್ನು ನೋಡಿ ಮುಗಿಸಬೇಕು. ಕೇಳದೆ ಸೆನ್ಸರ್ ಎಂದೂ ಬಾಯಿಬಿಡುವುದಿಲ್ಲ.

ತಾಳ ಹಾಕಲು ಇಲ್ಲಿ ಬೇರೆ ತಂತಿಯಿಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಕಡೆಯವರು ತಮ್ಮತಮ್ಮೊಳಗಿನ ಗಡಿಯಾರವನ್ನೇ ನಂಬಿ ನಡೆಯುತ್ತಾರೆ. ಮೈಕ್ರೋಕಂಟ್ರೋಲರ್ ‘ಒಂದು’ ಬರೆಯಲೆಂದು ತಂತಿಯನ್ನು ಎಳೆದಿದೆ; 6 ಮೈಕ್ರೋಸೆಕೆಂಡಿಗೆ ಬಿಡಬೇಕು. ಅಷ್ಟರಲ್ಲಿ ಬೇರೆ ಕಡೆಯಿಂದ ಇಂಟರಪ್ಟ್ ಎಂಬ ತುರ್ತು ಕರೆ ಬಂದು ಅದು ಅತ್ತ ಹೋಗಿ 60 ಮೈಕ್ರೋಸೆಕೆಂಡ್ ಬಿಟ್ಟು ಬಂದರೆ, ಚಿಪ್ ಓದಿಕೊಳ್ಳುವುದು ಸೊನ್ನೆ. ಈ ಕಾರಣಕ್ಕೇ ಒಳ್ಳೆಯ ಪ್ರೋಗ್ರಾಂಗಳು ಒಂದೊಂದು ಬಿಟ್ ಸಾಗುವಷ್ಟು ಹೊತ್ತು ಇಂಟರಪ್ಟ್‌ಗಳನ್ನು ತಡೆದಿಡುತ್ತವೆ.

ಇಡೀ ಮಾತುಕತೆ ತೀರಾ ಮಿತವಾದದ್ದು. ಮೊದಲ ಸುತ್ತಿನಲ್ಲಿ ಯಾವ ಚಿಪ್‌ನೊಡನೆ ಮಾತು ಎಂಬುದು, ಬಳಿಕ ‘ಅಳೆ’ ಎಂಬ ಅಪ್ಪಣೆ. ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ 44. ಚಿಪ್ ಅಳೆಯಲು 750 ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಅದು 12 ಬಿಟ್‌ಗಳ ಸೂಕ್ಷ್ಮತೆಗೆ. 9 ಬಿಟ್ ಸಾಕೆಂದರೆ 94 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಮತ್ತೆ ಕರೆ, ಮತ್ತೆ ಹಾಜರಿ, ಮತ್ತೆ ಯಾವ ಚಿಪ್ ಎಂಬುದು, ನಂತರ ‘ಓದು’ ಎಂಬ ಅಪ್ಪಣೆ. ಚಿಪ್ ಒಂಬತ್ತು ಬೈಟ್‌ಗಳನ್ನು ಬಿಟ್ ಬಿಟ್ಟಾಗಿ ಒಪ್ಪಿಸುತ್ತದೆ. ಎಲ್ಲ ಸೇರಿ ಮಾತಿಗೆ ತಗಲುವುದು ಹತ್ತಿಪ್ಪತ್ತು ಮಿಲಿಸೆಕೆಂಡ್; ಉಳಿದದ್ದೆಲ್ಲ ಅಳತೆಯ ಹೊತ್ತು.

ಒಂದೇ ತಂತಿಗೆ ಇಪ್ಪತ್ತು ಸೆನ್ಸರ್ ಕಟ್ಟಿದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಕಾರ್ಖಾನೆಯಲ್ಲೇ ಪ್ರತಿ ಚಿಪ್‌ಗೂ 64 ಬಿಟ್‌ಗಳ ಒಂದು ಗುರುತು ಕೆತ್ತಿರುತ್ತಾರೆ. ಮೊದಲ 8 ಬಿಟ್ ಕುಲದ ಸಂಖ್ಯೆ (ಡಿಎಸ್18ಬಿ20ಕ್ಕೆ ಅದು ಹೆಕ್ಸಾಡೆಸಿಮಲ್ 28), ನಂತರದ 48 ಬಿಟ್ ಆ ಚಿಪ್‌ನ ಸ್ವಂತ ಸಂಖ್ಯೆ, ಕೊನೆಯ 8 ಬಿಟ್ ತಾಳೆ ನೋಡುವುದಕ್ಕೆ. 48 ಬಿಟ್‌ಗಳಲ್ಲಿ 281 ಲಕ್ಷ ಕೋಟಿಗೂ ಹೆಚ್ಚು ಬೇರೆಬೇರೆ ಸಂಖ್ಯೆಗಳು ಹಿಡಿಸುತ್ತವೆ.

ಆದರೆ ಅಪರಿಚಿತ ತಂತಿಯ ಮೇಲೆ ಯಾವ ಯಾವ ಗುರುತುಗಳಿವೆ ಎಂದು ಹುಡುಕುವುದು ಹೇಗೆ? ಅಷ್ಟು ಸಂಖ್ಯೆಗಳನ್ನು ಒಂದೊಂದಾಗಿ ಕೂಗಿ ನೋಡಲು ಆಯುಷ್ಯ ಸಾಲದು. ಇಲ್ಲಿರುವುದು ಈ ಪದ್ಧತಿಯ ಅತ್ಯಂತ ಜಾಣ ಭಾಗ. ಮೈಕ್ರೋಕಂಟ್ರೋಲರ್ ಎಲ್ಲರನ್ನೂ ಒಟ್ಟಿಗೆ ಕೇಳುತ್ತದೆ: ನಿಮ್ಮ ಗುರುತಿನ ಮೊದಲ ಬಿಟ್ ಹೇಳಿ, ಈಗ ಅದರ ವಿರುದ್ಧ ಬಿಟ್ ಹೇಳಿ. ಎಲ್ಲರ ಬಿಟ್ ಸೊನ್ನೆಯಾಗಿದ್ದರೆ ತಂತಿಯಲ್ಲಿ ಸೊನ್ನೆ, ಆಮೇಲೆ ಒಂದು. ಎಲ್ಲರದೂ ಒಂದಾಗಿದ್ದರೆ ಮೊದಲು ಒಂದು, ಆಮೇಲೆ ಸೊನ್ನೆ. ಕೆಲವರದು ಸೊನ್ನೆ, ಕೆಲವರದು ಒಂದಾಗಿದ್ದರೆ? ಯಾರೊಬ್ಬರು ಎಳೆದರೂ ತಂತಿ ಕೆಳಗಿಳಿಯುವುದರಿಂದ ಎರಡು ಸಲವೂ ಸೊನ್ನೆಯೇ ಕಾಣುತ್ತದೆ. ಇಲ್ಲಿ ದಾರಿ ಕವಲೊಡೆದಿದೆ ಎಂದು ಮೈಕ್ರೋಕಂಟ್ರೋಲರ್‌ಗೆ ಗೊತ್ತಾಗುವುದು ಆಗಲೇ. ಅದು ಒಂದು ಕವಲನ್ನು ಆರಿಸಿ ತಂತಿಯ ಮೇಲೆ ಬರೆಯುತ್ತದೆ. ಆ ಬಿಟ್ ಹೊಂದದ ಚಿಪ್‌ಗಳು ಮುಂದಿನ ಕರೆಯವರೆಗೆ ಮೌನಕ್ಕೆ ಜಾರುತ್ತವೆ. ಹೀಗೆ 64 ಬಿಟ್ ದಾಟುವಷ್ಟರಲ್ಲಿ ಒಬ್ಬನೇ ಉಳಿದಿರುತ್ತಾನೆ, ಅವನ ಪೂರ್ತಿ ಗುರುತು ಸಿಕ್ಕಿರುತ್ತದೆ. ಮುಂದಿನ ಸುತ್ತಿನಲ್ಲಿ ಕೊನೆಯ ಕವಲಿಗೆ ಹಿಂದಿರುಗಿ ಇನ್ನೊಂದು ದಾರಿ ಹಿಡಿದರಾಯಿತು. ಒಬ್ಬೊಬ್ಬರನ್ನು ಹುಡುಕಲು ಸುಮಾರು 15 ಮಿಲಿಸೆಕೆಂಡ್ ಸಾಕು. ಎಲ್ಲರೂ ಒಟ್ಟಿಗೆ ಮಾತಾಡಿದಾಗ ಆಗುವ ಘರ್ಷಣೆಯನ್ನೇ ಮಾಹಿತಿಯಾಗಿ ಬಳಸಿಕೊಂಡ ಈ ಯೋಚನೆ ಎಂಜಿನಿಯರಿಂಗ್ ತರಗತಿಗಳಲ್ಲಿ ಇನ್ನೂ ಹೆಚ್ಚು ಸಮಯ ಪಡೆಯಬೇಕು.

ಎಲ್ಲ ಸೆನ್ಸರ್‌ಗಳೂ ಹೀಗೆ ಮಾತಾಡುವುದಿಲ್ಲ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ2ಸಿ ಪದ್ಧತಿಯಲ್ಲಿ ಎರಡು ತಂತಿ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ತಾಳ. ತಾಳಕ್ಕೇ ಬೇರೆ ತಂತಿ ಇರುವುದರಿಂದ ಮೈಕ್ರೋಸೆಕೆಂಡುಗಳ ಕಟ್ಟುನಿಟ್ಟು ಸಡಿಲ. ಆ ಪದ್ಧತಿಯ ಎಲ್ಎಂ75 ಸೆನ್ಸರ್‌ನ ವಿಳಾಸದಲ್ಲಿ ಮೂರು ಬಿಟ್‌ಗಳನ್ನಷ್ಟೇ ನಾವು ಬದಲಿಸಬಹುದು, ಹಾಗಾಗಿ ಒಂದು ಜೋಡಿ ತಂತಿಯ ಮೇಲೆ ಎಂಟೇ ಚಿಪ್. ಒಂದೇ ಬೋರ್ಡಿನ ಮೇಲಿನ ಚಿಪ್‌ಗಳ ನಡುವೆ ಐ2ಸಿ ಉತ್ತಮ. ಕೊಟ್ಟಿಗೆಯಿಂದ ಮನೆಯವರೆಗೆ ಕೇಬಲ್ ಎಳೆಯಬೇಕಾದಲ್ಲಿ 1-ವೈರ್ ವಾಸಿ.

ಮತ್ತೆ ಡಿಎಸ್18ಬಿ20ಕ್ಕೆ ಬರೋಣ. ಅದರಿಂದ ಬಂದ ಒಂಬತ್ತು ಬೈಟ್‌ಗಳಲ್ಲಿ ತಾಪಮಾನ ಇರುವುದು ಮೊದಲ ಎರಡರಲ್ಲಿ. ಅವೆರಡನ್ನೂ ಜೋಡಿಸಿದರೆ ಸಿಗುವ ಸಂಖ್ಯೆ 401 ಎಂದಿಟ್ಟುಕೊಳ್ಳಿ. 16ರಿಂದ ಭಾಗಿಸಿದರೆ 25.0625 ಡಿಗ್ರಿ. ಶೂನ್ಯಕ್ಕಿಂತ ಕೆಳಗಿನ ತಾಪಮಾನವನ್ನು ಚಿಪ್ 65,536ರಿಂದ ಕಳೆದು ಬರೆಯುತ್ತದೆ. ಮೈನಸ್ 10.125 ಡಿಗ್ರಿ ಎಂದರೆ 65,374. ಇದನ್ನು ಋಣಸಂಖ್ಯೆಯೆಂದು ತಿಳಿಯದೆ 16ರಿಂದ ಭಾಗಿಸಿದ ಪ್ರೋಗ್ರಾಂ ಫ್ರೀಜರ್ ಒಳಗೆ 4085 ಡಿಗ್ರಿ ಬಿಸಿಯಿದೆ ಎನ್ನುತ್ತದೆ. ಇಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅಪಾಯವಿಲ್ಲ. ದಶಮಾಂಶದ ಮುಂದೆ ನಾಲ್ಕು ಅಂಕಿ ಕಂಡು ಮರುಳಾಗುವುದು ಅದಕ್ಕಿಂತ ಅಪಾಯ. ಚಿಪ್‌ನ ಮೆಟ್ಟಿಲು 0.0625 ಡಿಗ್ರಿಯದಾದರೂ, ತಯಾರಕರು ಭರವಸೆ ಕೊಟ್ಟಿರುವುದು ಮೈನಸ್ 10ರಿಂದ 85 ಡಿಗ್ರಿಯವರೆಗೆ ಅರ್ಧ ಡಿಗ್ರಿ ಆಚೀಚೆಗೆ ಮಾತ್ರ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಅಲ್ಲಿ 2.0625 ಎಂದು ತೋರಿಸಿದಾಗ ನಿಜವಾದ ತಾಪಮಾನ 1.6 ಇರಬಹುದು.

ಒಂಬತ್ತನೆಯ ಬೈಟ್ ಕಾವಲಿನದು. ಮೊದಲ ಎಂಟರ ಮೇಲೆ ಒಂದು ಗಣಿತ ನಡೆಸಿ ಬಂದ ಶೇಷವನ್ನು ಚಿಪ್ ಅಲ್ಲಿ ಇಡುತ್ತದೆ. ಸಿಆರ್‌ಸಿ ಎನ್ನುವುದು ಇದನ್ನೇ. ಮೈಕ್ರೋಕಂಟ್ರೋಲರ್ ಅದೇ ಗಣಿತವನ್ನು ತಾನೂ ಮಾಡಿ ತಾಳೆ ನೋಡಬೇಕು. ದಾರಿಯಲ್ಲಿ ಒಂದೋ ಎರಡೋ ಬಿಟ್ ಕೆಟ್ಟಿದ್ದರೆ ಇದು ತಪ್ಪದೆ ಹಿಡಿಯುತ್ತದೆ. ಆ ಎಲ್ಎಂ35ನ ವೋಲ್ಟೇಜಿಗೆ ಇಲ್ಲದ ಶಕ್ತಿ ಇದು: ತಾನು ಕೆಟ್ಟು ಬಂದಿದ್ದೇನೆಂದು ಹೇಳಿಕೊಳ್ಳಬಲ್ಲ ಮಾತು.

ಹಾಗಿದ್ದರೂ ಈ ಕಾವಲು ಹಿಡಿಯಲಾಗದ ಎರಡು ಸುಳ್ಳುಗಳಿವೆ. ಡೇಟಾ ತಂತಿ ಎಲ್ಲೋ ಗ್ರೌಂಡಿಗೆ ತಾಗಿತು ಎನ್ನಿ. ಪ್ರೋಗ್ರಾಂ ಎಚ್ಚರದಿಂದಿರದಿದ್ದರೆ ಕೆಳಗೇ ಇರುವ ತಂತಿಯನ್ನು ಹಾಜರಿ ಎಂದುಕೊಳ್ಳುತ್ತದೆ. ಒಂಬತ್ತೂ ಬೈಟ್ ಸೊನ್ನೆ ಬರುತ್ತವೆ. ಎಂಟು ಸೊನ್ನೆಗಳ ಸಿಆರ್‌ಸಿಯೂ ಸೊನ್ನೆಯೇ! ತಾಳೆ ಸರಿಹೋಗಿ ‘0 ಡಿಗ್ರಿ’ ಎಂದು ದಾಖಲಾಗುತ್ತದೆ. ಐದನೆಯ ಬೈಟ್ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಸೂಕ್ಷ್ಮತೆ ಎಷ್ಟು ಬಿಟ್‌ನದೆಂದು ಹೇಳುವ ಆ ಬೈಟ್‌ನ ಕೊನೆಯ ಐದು ಬಿಟ್‌ಗಳು ಸರಿಯಾದ ಚಿಪ್‌ನಲ್ಲಿ ಯಾವಾಗಲೂ ‘ಒಂದು’ ಆಗಿಯೇ ಇರುತ್ತವೆ; ಅಲ್ಲಿ ಸೊನ್ನೆ ಕಂಡರೆ ಆ ಓದನ್ನು ಎಸೆಯಬೇಕು.

ಎರಡನೆಯದು 85 ಡಿಗ್ರಿ. ವಿದ್ಯುತ್ ಬಂದ ಕೂಡಲೇ, ಇನ್ನೂ ಏನನ್ನೂ ಅಳೆಯುವ ಮೊದಲು, ಚಿಪ್‌ನ ನೆನಪಿನಲ್ಲಿ ಇರುವ ಸಂಖ್ಯೆ ಅದು. ಅಳೆಯಲು ಹೇಳದೆ ಓದಿದರೆ 85 ಬರುತ್ತದೆ. ಅಳತೆಯ ಮಧ್ಯೆ ವಿದ್ಯುತ್ ಒಮ್ಮೆ ಕುಸಿದು ಚಿಪ್ ಮತ್ತೆ ಮೊದಲಿನಿಂದ ಎದ್ದರೂ 85 ಬರುತ್ತದೆ. ಡೇಟಾ ಮತ್ತು ಗ್ರೌಂಡ್ ಎಂಬ ಎರಡೇ ತಂತಿಯಿದ್ದು, ಡೇಟಾ ತಂತಿಯಿಂದಲೇ ವಿದ್ಯುತ್ ಹೀರುವ ಜೋಡಣೆಯಲ್ಲಿ ಇದು ಹೆಚ್ಚು. ಅಳೆಯುವಾಗ ಚಿಪ್‌ಗೆ 1.5 ಮಿಲಿಆಂಪಿಯರ್‌ವರೆಗೆ ಬೇಕಾಗಬಹುದು. 5 ವೋಲ್ಟಿನ ತಂತಿಯಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮೂಲಕ, ತಂತಿಯನ್ನು ಪೂರ್ತಿ ಗ್ರೌಂಡಿಗೆ ಇಳಿಸಿದರೂ, ಹರಿಯುವುದು ಹೆಚ್ಚೆಂದರೆ 1.1 ಮಿಲಿಆಂಪಿಯರ್. ಅಳೆಯುವ ಅಷ್ಟೂ ಹೊತ್ತು ತಂತಿಯನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸಿ ಹಿಡಿಯದಿದ್ದರೆ ಚಿಪ್ ಸೊರಗುತ್ತದೆ. ಆಗ ಅದು ಹೇಳುವ 85ಕ್ಕೆ ಸಿಆರ್‌ಸಿ ಅಚ್ಚುಕಟ್ಟಾಗಿ ತಾಳೆಯಾಗುತ್ತದೆ, ಏಕೆಂದರೆ ದಾರಿಯಲ್ಲಿ ಏನೂ ಕೆಟ್ಟಿಲ್ಲ. ಚಿಪ್ ಹೇಳಿದ್ದೇ ಅದು.

ಈ ಹುಸಿ 85 ಮಾಡಬಲ್ಲ ಹಾನಿಗೆ ಒಂದು ಉದಾಹರಣೆ ನೋಡಿ. ರೇಷ್ಮೆ ಸಾಕಣೆಯಲ್ಲಿ ಎರಡನೇ ಜ್ವರದವರೆಗಿನ (ಎರಡನೇ ಸಲ ಪೊರೆ ಕಳಚುವವರೆಗಿನ) ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಬೇಕು. ಚಾಕಿ ಮನೆಯ ಹೀಟರನ್ನು ಇಂಥ ಸೆನ್ಸರ್ ಹಿಡಿತಕ್ಕೆ ಕೊಟ್ಟಿದ್ದಾರೆ, ಪ್ರೋಗ್ರಾಂ 60 ಓದುಗಳ ಸರಾಸರಿ ತೆಗೆಯುತ್ತದೆ ಎಂದುಕೊಳ್ಳೋಣ. 59 ಓದುಗಳು 27 ಡಿಗ್ರಿ, ಒಂದು ಮಾತ್ರ 85. ಸರಾಸರಿ 27.97. ಒಂದೇ ಒಂದು ಹುಸಿ ಓದು ಕೋಣೆಯ ಲೆಕ್ಕವನ್ನು ಹೆಚ್ಚುಕಡಿಮೆ ಒಂದು ಡಿಗ್ರಿ ಏರಿಸಿತು. ತಿರುಗಿ ನೋಡಿದವರಿಗೆ 27.97ರಲ್ಲಿ ಅನುಮಾನಪಡುವಂಥದ್ದು ಏನೂ ಕಾಣುವುದಿಲ್ಲ, ಹೀಟರ್ ಮಾತ್ರ ಆರಿರುತ್ತದೆ. 4085 ಡಿಗ್ರಿಗಿಂತ ಇದು ಎಷ್ಟೋ ಪಾಲು ಕೆಟ್ಟದ್ದು.

ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವವರು ಮೂರನೆಯ ತಂತಿಯನ್ನು ಉಳಿಸಲು ಹೋಗದೆ ಚಿಪ್‌ಗೆ ಪ್ರತ್ಯೇಕ ವಿದ್ಯುತ್ ಕೊಡುವುದು ಲೇಸು. ಸಿಆರ್‌ಸಿ ತಪ್ಪಿದ ಓದು, ಐದನೆಯ ಬೈಟ್ ಸೊನ್ನೆಯಾದ ಓದು, ನಿಖರವಾಗಿ 85 ಎಂದ ಓದು, ಇವನ್ನು ಸರಾಸರಿಗೆ ಸೇರಿಸದೆ ‘ಅಳತೆ ಸಿಗಲಿಲ್ಲ’ ಎಂದೇ ದಾಖಲಿಸಿ ಮತ್ತೊಮ್ಮೆ ಕೇಳಬೇಕು. ರಾಸ್ಪ್‌ಬೆರಿ ಪೈನ ಲಿನಕ್ಸ್‌ನಲ್ಲಿ ಈ ಸೆನ್ಸರ್‌ನ ಓದು ಎರಡು ಸಾಲಿನ ಕಡತವಾಗಿ ಸಿಗುತ್ತದೆ. ತಾಪಮಾನ ಇರುವುದು ಎರಡನೆಯ ಸಾಲಿನಲ್ಲಿ; ಮೊದಲ ಸಾಲಿನ ಕೊನೆಯಲ್ಲಿ ಸಿಆರ್‌ಸಿ ತಾಳೆಯಾಯಿತೇ ಎಂಬುದಕ್ಕೆ ‘ಯೆಸ್’ ಅಥವಾ ‘ನೋ’ ಇರುತ್ತದೆ. ಎಷ್ಟೋ ಪ್ರೋಗ್ರಾಂಗಳು ಎರಡನೆಯ ಸಾಲನ್ನು ಮಾತ್ರ ಓದಿ ಮುಂದೆ ಹೋಗುತ್ತವೆ. ಹಾಗೆ ಮಾಡಬಾರದು.

ಇನ್ನು, ಕೊಂಡ ಚಿಪ್ ಅಸಲಿಯೇ ಎಂಬ ಪ್ರಶ್ನೆ. ಡಿಎಸ್18ಬಿ20ರ ನಕಲುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕೆಲವು ಎರಡು ತಂತಿಯ ಜೋಡಣೆಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಫ್ಲಾಸ್ಕ್ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ನೀರು ಸುರಿದು, ಸ್ಟೀಲ್ ಪ್ರೋಬ್ ಇಳಿಸಿ ಕಲಕುತ್ತ ಕೆಲವು ನಿಮಿಷ ಕಾಯಿರಿ. ಅಸಲಿ ಸೆನ್ಸರ್ ಮೈನಸ್ ಅರ್ಧಕ್ಕೂ ಪ್ಲಸ್ ಅರ್ಧಕ್ಕೂ ನಡುವೆ ಬಂದು ನಿಲ್ಲಬೇಕು. ಕುದಿಯುವ ನೀರಿನಲ್ಲಿ ಅದ್ದಿ 100 ಬರಲಿಲ್ಲವೆಂದು ಸೆನ್ಸರನ್ನು ಬಯ್ಯಬೇಡಿ: ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ.